ಬೈಯುವವರು ಬೇಕಾಗಿದ್ದಾರೆ

ಕೊಲೆಗೆ ಮೂಲಂಗಿಯಷ್ಟು ಒದಗಿಬರುವ ತರಕಾರಿ ಇನ್ನೊಂದಿಲ್ಲ ಎಂಬುದು ಸದ್ದಣ್ಣನ ಅನುಭವದ ಮಾತು. ಕತ್ತು ಮುರಿಯಬೇಕೋ, ದಪ್ಪ ಮೂಲಂಗಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮೈಕಿನ ಮುಂದೆ ಲಟಕ್ಕನೆ ತಿರುಚಿದರೆ ಮುಗಿಯಿತು. ಬೆರಳಿಗೆ ಕ್ಯಾರೆಟ್ಟು, ಹೊಟ್ಟೆಗೆ ಎಲೆಕೋಸು, ತಲೆಗೆ ಕಲ್ಲಂಗಡಿ. ವಿಡಿಯೋ ಗೇಮ್ ತಯಾರಿಸುವ ಒಂದು ಕಂಪನಿಯ ಮೂರನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಕೋಣೆಯೊಳಗೆ ನಿಂತು, ಪರದೆಯ ಮೇಲೆ ಸಾಯುವವರಿಗೆಲ್ಲ ಸಾವಿನ ಸದ್ದು ಒದಗಿಸುವುದು ಅವನ ಹೊಟ್ಟೆಪಾಡು. ಇಷ್ಟೊಂದು ಜನರನ್ನು ಯಮಪುರಿಗೆ ಅಟ್ಟಿದವನು ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುವ ಪ್ರಾಣಿ.

ಮೊದಲು ಅವನು ರೇಡಿಯೋ ನಾಟಕಗಳಿಗೆ ಸದ್ದು ಮಾಡುತ್ತಿದ್ದ. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸಿ, ಅಕ್ಕಿಕಾಳನ್ನು ತಟ್ಟೆಗೆ ಸುರಿದು ಮಳೆ ತರಿಸುತ್ತಿದ್ದ. ಆ ಕಾಲದಲ್ಲಿ ಅವನ ಮಳೆ ಕೇಳಿ ಹೆಂಗಸರು ಒಣಹಾಕಿದ ಬಟ್ಟೆ ಎತ್ತಲು ಓಡಿದ್ದುಂಟಂತೆ. ಹೀಗೆಂದು ಹೇಳುವವನು ಅವನೊಬ್ಬನೇ, ಇರಲಿ. ನಾಟಕಗಳನ್ನು ಕೇಳುವವರೇ ಇಲ್ಲವಾದ ಮೇಲೆ ಅವನು ತನ್ನ ಚಿಪ್ಪು, ತಟ್ಟೆ, ಹಳೇ ಬೂಟುಗಳ ಮೂಟೆ ಹೊತ್ತುಕೊಂಡು ಈ ಕಂಪನಿಯ ಬಾಗಿಲು ತಟ್ಟಿದ. ಇವರಿಗೆ ಮಳೆ ಬೇಕಿರಲಿಲ್ಲ, ಮೂಳೆ ಬೇಕಿತ್ತು. ಕಲಿತುಕೊಂಡ.

ಮನೆಯಲ್ಲಿ ಇರುವುದು ಅವನು ಮತ್ತು ಅವನ ಅಕ್ಕ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ್ದರಿಂದ ತಮ್ಮನನ್ನು ಸಾಕಿದವಳು ಅಕ್ಕನೇ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ತುಳಿದು ತುಳಿದು ಅವನಿಗೆ ಶಾಲೆ, ಬಟ್ಟೆ, ಕನ್ನಡಕ ಎಲ್ಲ ಮಾಡಿದಳು. ಯಂತ್ರ ಬದಲಿಗೆ ಅವಳ ಬಲಮಂಡಿಯನ್ನು ಇಸಿದುಕೊಂಡಿತು. ಈಗ ಅದು ಮಡಚುವುದಿಲ್ಲ. ಒಂದು ಹೆಜ್ಜೆ ಟಪ್ ಎಂದು ಬಿದ್ದರೆ ಇನ್ನೊಂದು ಸರ್ ಎಂದು ಎಳೆದುಕೊಂಡು ಬರುತ್ತದೆ. ಮದುವೆಯ ಮಾತು ಬಂದಾಗಲೆಲ್ಲ ಅವನು "ಮೊದಲು ಅಕ್ಕನಿಗೆ" ಎನ್ನುವುದು, ಅವಳು "ಮೊದಲು ಪುಟ್ಟನಿಗೆ" ಎನ್ನುವುದು, ಹೀಗೆ ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಲೇ ಇಬ್ಬರ ಕೂದಲೂ ನೆರೆಯಿತು. ಪುಟ್ಟನದು ಉದುರಿಯೂ ಹೋಯಿತು. ಅವಳ ಬಾಯಲ್ಲಿ ಅವನು ಈಗಲೂ ಪುಟ್ಟನೇ.

ಇಂಥ ಅಕ್ಕನಿಗೆ ಅವನು ಒಂದು ಸುಳ್ಳು ಹೇಳಿದ್ದ. ಕೆಲಸಕ್ಕೆ ಸೇರಿದ ದಿನ ಅವಳು ಏನು ಕೆಲಸ ಎಂದು ಕೇಳಿದಾಗ "ಮಕ್ಕಳ ಆಟಕ್ಕೆ ಸದ್ದು ಮಾಡೋದು" ಎಂದ. ಎಂಥ ಸದ್ದು ಎಂದರೆ "ಹಕ್ಕಿ, ಮಳೆ, ಅಂಥದ್ದು" ಎಂದ. ಅಕ್ಕ ಅದನ್ನು ಬೀದಿ ತುಂಬ ಹೇಳಿಕೊಂಡು ಬಂದಳು. "ನಮ್ಮ ಪುಟ್ಟ ಬಾಯಲ್ಲೇ ಕೋಗಿಲೆ ಕೂಗಿಸ್ತಾನೆ, ಅದಕ್ಕೇ ದೊಡ್ಡ ಕಂಪನಿಯವರು ಇಟ್ಕೊಂಡಿದಾರೆ" ಎಂದು ಹಾಲಿನವನಿಗೂ ಹೇಳಿದಳು, ಅಂಚೆಯವನಿಗೂ ಹೇಳಿದಳು, ಮೀಟರು ನೋಡಲು ಬಂದವನನ್ನು ಕೂರಿಸಿಕೊಂಡು ಹೇಳಿದಳು. ಸಂಜೆ ತಮ್ಮ ಚೀಲದ ತುಂಬ ಮುರಿದ ಮೂಲಂಗಿ, ಜಜ್ಜಿದ ಕೋಸು ತಂದಾಗ ಮಾತ್ರ ಅವಳ ಪಿತ್ತ ಕೆರಳುತ್ತಿತ್ತು. "ಕಣ್ಣು ಎಲ್ಲಿಟ್ಕೊಂಡು ತರಕಾರಿ ತರ್ತೀಯೋ? ಆ ಅಂಗಡಿಯವನು ನಿನ್ನ ಮುಖ ನೋಡಿ ಗುಜರಿ ಮಾಲೆಲ್ಲ ತುಂಬಿ ಕಳಿಸ್ತಾನೆ!" ಸದ್ದಣ್ಣ ಕೈಕಾಲು ತೊಳೆಯಲು ಹೋಗುತ್ತಿದ್ದ. ಹಗಲು ಸತ್ತವರೆಲ್ಲ ರಾತ್ರಿ ಊಟಕ್ಕೆ ಬರುತ್ತಿದ್ದರು.

ಅಕ್ಕ ಬೈದರೆ ಅವನಿಗೇನೂ ಭಯವಿರಲಿಲ್ಲ, ಹಾಲು ಕುಡಿದಷ್ಟೇ ಅಭ್ಯಾಸವಾಗಿತ್ತು. ಅವನ ಭಯ ಬೇರೆ. ಜೀವಮಾನವೆಲ್ಲ ಯಂತ್ರ ತುಳಿದ ಅವಳಿಗೆ ಹೆಮ್ಮೆಯಿಂದ ಹೇಳಿಕೊಳ್ಳಲು ಇದ್ದದ್ದು ಅದೊಂದೇ ಮಾತು. ಅದು ಸುಳ್ಳೆಂದು ಗೊತ್ತಾದರೆ ಅವಳು ಬೀದಿಯಲ್ಲಿ ಏನು ಹೇಳಿಕೊಂಡಾಳು?

ಈಗ ಕಂಪನಿಯ ಪ್ರಚಾರದ ಮುಖ್ಯಸ್ಥನ ವಿಷಯಕ್ಕೆ ಬರೋಣ. ಬೆನ್ನ ಹಿಂದೆ ಎಲ್ಲರೂ ಅವನನ್ನು ಗುಲ್ಲಪ್ಪ ಎನ್ನುತ್ತಿದ್ದರು. ಗುಲ್ಲೆಬ್ಬಿಸದೆ ಆಟ ಮಾರುವುದು ಅವನ ಜಾತಕದಲ್ಲೇ ಇರಲಿಲ್ಲ. "ಚೆನ್ನಾಗಿದೆ ಅಂದ್ರೆ ಯಾವನೂ ತಿರುಗಿ ನೋಡಲ್ಲ. 'ಥೂ, ಇದನ್ನ ನೋಡ್ಬೇಡಿ' ಅನ್ಬೇಕು. ಆಗ ಬರ್ತಾರೆ ನೋಡಿ ಮುಗಿಬಿದ್ದು!" ಎಂದು ಮೀಟಿಂಗಿನಲ್ಲಿ ಮೇಜು ಗುದ್ದುತ್ತಿದ್ದ. ಕಷ್ಟವೇನೆಂದರೆ ಯಾರೂ ಥೂ ಎನ್ನುತ್ತಿರಲಿಲ್ಲ. ಹಿಂದಿನ ಆಟದಲ್ಲಿ ಒಂದು ಇಡೀ ಪಟ್ಟಣವನ್ನೇ ಸುಟ್ಟರೂ ಊರಿನವರು ಆಕಳಿಸಿ ಪಕ್ಕಕ್ಕೆ ಹೊರಳಿದರು. ಗುಲ್ಲಪ್ಪ 'ನೊಂದ ತಾಯಿ' ಎಂಬ ಹೆಸರಿನಲ್ಲಿ ತಾನೇ ಕುಳಿತು ತನ್ನ ಕಂಪನಿಗೆ ಉಗಿದು ಪತ್ರಿಕೆಗಳಿಗೆ ಬರೆದ. ಒಬ್ಬ ಸಂಪಾದಕರು ಮಾತ್ರ ಅದನ್ನು ಹಾಕಿದರು, ಅದೂ ಅಡುಗೆ ಅಂಕಣದ ಕೆಳಗೆ.

ಆಮೇಲೆ ಅವನು ಬಾಡಿಗೆಗೆ ಪ್ರತಿಭಟನಕಾರರನ್ನು ಹಿಡಿದು ತಂದು, ಕೈಗೊಂದು ಫಲಕ ಕೊಟ್ಟು, ಕಂಪನಿಯ ಗೇಟಿನ ಮುಂದೆ ಸಾಲಾಗಿ ನಿಲ್ಲಿಸಿದ. ಬಿಸಿಲು ಏರಿದಂತೆ ಅವರು ಫಲಕಗಳನ್ನು ತಲೆಗೆ ಮರೆ ಹಿಡಿದರು. ಅಕ್ಷರ ಕಾಣದಾಯಿತು, ಸಾಲು ಮಾತ್ರ ಕಂಡಿತು. ದಾರಿಹೋಕರು ಸಾಲು ಕಂಡ ಮೇಲೆ ಸುಮ್ಮನಿರುತ್ತಾರೆಯೇ? ಒಬ್ಬೊಬ್ಬರಾಗಿ ಹಿಂದೆ ಬಂದು ನಿಂತರು. ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಯ ತಿರುವು ದಾಟಿತು, ನಡುವೆ ನುಗ್ಗಿದನೆಂದು ಒಬ್ಬನಿಗೆ ಎರಡು ಏಟೂ ಬಿದ್ದವು. ಗುಲ್ಲಪ್ಪ ಓಡೋಡಿ ಕೆಳಗಿಳಿದು ಬಂದರೆ, ಕೈಯಲ್ಲಿ ಖಾಲಿ ಚೀಲ ಹಿಡಿದ ಒಬ್ಬ ಹಿರಿಯರು ಅವನ ತೋಳು ಹಿಡಿದು "ಏನಪ್ಪಾ, ಒಬ್ಬೊಬ್ಬರಿಗೆ ಎಷ್ಟೆಷ್ಟು ಕೊಡ್ತೀರಿ?" ಎಂದು ಕೇಳಿದರು. ಗಲಾಟೆಯೇನೋ ಆಯಿತು, ಆದರೆ ಯಾವ ಆಟದ ಬಗ್ಗೆ ಎಂದು ಯಾರಿಗೂ ತಿಳಿಯಲಿಲ್ಲ.

ಹೀಗೆ ಮುಖಭಂಗವಾದ ಮೇಲೆ ಗುಲ್ಲಪ್ಪನ ಕಣ್ಣು ಹೊಸ ಆಟದ ಅಜ್ಜಿಯ ಮೇಲೆ ಬಿತ್ತು. ಕಥೆ ಬರೆಯುವ ಹುಡುಗಿ ಆ ಅಜ್ಜಿಯನ್ನು ಅಕ್ಕರೆಯಿಂದ ಸೃಷ್ಟಿಸಿದ್ದಳು. ಓಡಿ ಓಡಿ ಸುಸ್ತಾದ ನಾಯಕ ಅಜ್ಜಿಯ ಬಾಗಿಲು ತಟ್ಟುತ್ತಾನೆ, ಅವಳು ಒಳಗಿನಿಂದ ನಡೆದು ಬಂದು ಬಾಗಿಲು ತೆಗೆದು, ನೀರು ಕೊಟ್ಟು, ದಾರಿ ಹೇಳಿ ಕಳಿಸುತ್ತಾಳೆ. ಅಷ್ಟೇ. ಇಡೀ ಆಟದಲ್ಲಿ ಯಾರೂ ಸಾಯದ ಜಾಗ ಅದೊಂದೇ.

"ಇಲ್ಲಿ ನಾಯಕ ಸುತ್ತಿಗೆ ಎತ್ತಿ ಅಜ್ಜಿ ತಲೆ ಒಡೀಲಿ," ಎಂದ ಗುಲ್ಲಪ್ಪ.

"ಯಾಕೆ?" ಎಂದಳು ಕಥೆಗಾರ್ತಿ, ಬಾಯಿ ತೆರೆದುಕೊಂಡು.

"ಯಾಕೆ ಅನ್ನೋದೇ ಇರಬಾರದಮ್ಮ! ಕಾರಣ ಇದ್ರೆ ಯಾರು ಬೈತಾರೆ? 'ಪಾಪ, ಅವನ ಕಷ್ಟ ಅವನಿಗೆ' ಅಂದ್ಬಿಡ್ತಾರೆ. ಕಾರಣ ಇಲ್ದೆ ಹೊಡೀಬೇಕು. ಹತ್ತಿರದಿಂದ ತೋರಿಸ್ಬೇಕು."

"ನೀರು ಕೊಟ್ಟವಳಿಗಾ?"

"ನೀರು ಕುಡಿದ ಮೇಲೇ ಹೊಡೀಲಿ, ಬಿಡು. ನಿನ್ನ ಕಥೆ ಹಾಳು ಮಾಡಿದೆ ಅನ್ನೋದು ಬೇಡ."

ಕಥೆಗಾರ್ತಿ ಅತ್ತಳು. ಅತ್ತರೂ ಅಜ್ಜಿ ಉಳಿಯಲಿಲ್ಲ. ಕಲ್ಲಂಗಡಿ ಮೂರನೆಯ ಮಹಡಿಗೆ ಬಂತು. ಸದ್ದಣ್ಣ ಅದನ್ನು ಒಡೆಯುವಾಗ ಮುಖ ತಿರುಗಿಸಿಕೊಂಡಿದ್ದ. ಅಂಥದ್ದು ಅವನ ವೃತ್ತಿಯಲ್ಲೇ ಮೊದಲು. ಏಕೆಂದು ಆಗ ಯಾರೂ ಕೇಳಲಿಲ್ಲ, ಹಣ್ಣು ಹಂಚಿಕೊಳ್ಳುವುದರಲ್ಲಿ ಇದ್ದರು.

ಇನ್ನು ಬೇಕಾಗಿದ್ದದ್ದು ಕ್ಯಾಮೆರಾ ಮುಂದೆ ಕೂತು ಆ ದೃಶ್ಯ ನೋಡಿ, ಎದೆ ಬಡಿದುಕೊಂಡು, ಕಂಪನಿಯ ಜನ್ಮ ಜಾಲಾಡುವ ಒಬ್ಬ ಸಾಮಾನ್ಯ ಮನುಷ್ಯ. ಬಾಡಿಗೆಯವರನ್ನು ಕಂಡು ಗುಲ್ಲಪ್ಪನಿಗೆ ಸಾಕಾಗಿತ್ತು. ಅಷ್ಟರಲ್ಲಿ ಚಹಾದ ಹೊತ್ತಿನಲ್ಲಿ ಸದ್ದಣ್ಣ ಬಾಯಿ ಜಾರಿದ. ನಿಲ್ದಾಣದಲ್ಲಿ ನಿಲ್ಲಿಸದೆ ಮುಂದೆ ಹೋದ ಬಸ್ಸಿನವನಿಗೆ ತನ್ನ ಅಕ್ಕ ಹೇಗೆ ಬೈದಳೆಂದರೆ, ಅವನು ತುಂಬಿದ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಿ, ಇಳಿದು ಬಂದು ಅವಳ ಚೀಲ ಎತ್ತಿಟ್ಟ ಎಂದು ಬಣ್ಣಿಸಿದ. ಗುಲ್ಲಪ್ಪನ ಕಿವಿ ನೆಟ್ಟಗಾಯಿತು.

"ನಿಮ್ಮಕ್ಕನ್ನ ಕರ್ಕೊಂಡು ಬನ್ನಿ."

"ಅಯ್ಯೋ, ಬೇಡಿ ಸಾರ್. ಅವಳಿಗೆ ಇದೆಲ್ಲ ಗೊತ್ತಿಲ್ಲ."

"ಗೊತ್ತಿಲ್ಲದವರೇ ಬೇಕು ಕಣ್ರೀ! ನೋಡಿ, ಈ ಆಟ ಬಿದ್ದುಹೋದ್ರೆ ನಿಮ್ಮ ಕೋಣೆಗೆ ಬೀಗ. ಸದ್ದೆಲ್ಲ ರೆಡಿಮೇಡ್ ಸಿಗುತ್ತೆ ಈಗ, ಮೂಲಂಗಿ ಖರ್ಚೂ ಇಲ್ಲ."

ಸದ್ದಣ್ಣ ಆದರೂ ಬಗ್ಗಲಿಲ್ಲ. ಗುಲ್ಲಪ್ಪ ಅವನನ್ನು ಬಿಟ್ಟು ನೇರವಾಗಿ ಮನೆಗೇ ಫೋನ್ ಮಾಡಿ, ನಿಮ್ಮ ತಮ್ಮನವರ ಕೆಲಸ ನೋಡಲು ಕಂಪನಿ ನಿಮ್ಮನ್ನು ಆದರದಿಂದ ಕರೆಯುತ್ತಿದೆ ಎಂದುಬಿಟ್ಟ. ಆ ಸಂಜೆ ಸದ್ದಣ್ಣ ಮನೆಗೆ ಬಂದಾಗ ಅಕ್ಕ ಮದುವೆಮನೆಗಳಿಗೆಂದು ಎತ್ತಿಟ್ಟಿದ್ದ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. "ಇಷ್ಟು ವರ್ಷದಲ್ಲಿ ನೀನೊಂದ್ಸಲ ಕರೀಲಿಲ್ಲ. ಆ ಮಹಾನುಭಾವ ಕರೆದ ನೋಡು," ಎಂದಳು. ಅವನಿಗೆ ನಿಜ ಹೇಳಿಬಿಡೋಣ ಎನಿಸಿತು. ಇಸ್ತ್ರಿಯಾದ ಬಟ್ಟೆಯ ಮಡಿಕೆಗಳನ್ನು ಅವಳು ಮತ್ತೆ ಮತ್ತೆ ಸವರುತ್ತಿದ್ದದ್ದನ್ನು ನೋಡಿ ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕನನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು. ಎದುರಿಗೆ ಗೋಡೆಯಗಲದ ಪರದೆ, ಎರಡು ಪಕ್ಕದಿಂದ ಅವಳ ಮುಖಕ್ಕೇ ಗುರಿಯಿಟ್ಟ ಕ್ಯಾಮೆರಾ. ಗುಲ್ಲಪ್ಪ ತಾನೇ ನೀರಿನ ಲೋಟ ತಂದು, "ಮನಸ್ಸಿಗೆ ಅನ್ನಿಸಿದ್ದನ್ನ ಅಂದ್ಬಿಡಿ ಅಮ್ಮ. ಎಷ್ಟು ಜೋರಾಗಿ ಬೇಕಾದ್ರೂ," ಎಂದ. ಸದ್ದಣ್ಣ ಕಂಬದ ಹಿಂದೆ ಜಾಗ ಹುಡುಕಿದ. ಆಟ ಶುರುವಾಯಿತು. ನಾಯಕ ಗೋಡೆ ಹಾರಿ ಕಾವಲುಗಾರನ ಕತ್ತು ಹಿಡಿದು ತಿರುಚಿದ.

ಅಕ್ಕ ಮುಂದಕ್ಕೆ ಬಾಗಿದಳು. ಗುಲ್ಲಪ್ಪ ಉಸಿರು ಬಿಗಿಹಿಡಿದ.

"ಪುಟ್ಟಾ, ಇದು ಮೂಲಂಗಿ ಅಲ್ವೇನೋ?"

ಸದ್ದಣ್ಣ ಕಂಬಕ್ಕೆ ಇನ್ನಷ್ಟು ಅಂಟಿಕೊಂಡ.

"ಮೂಲಂಗಿನೇ! ದಿನಾ ಮುರೀತೀನಲ್ಲ, ನನಗೆ ಗೊತ್ತಾಗಲ್ವಾ? ಓಹೋಹೋ... ಅಂದ್ರೆ ಆ ತರಕಾರಿಯವನು ಒಳ್ಳೆಯವನೇ ಹಾಗಾದ್ರೆ! ಅಯ್ಯೋ ಪಾಪ, ಎಷ್ಟು ಶಾಪ ಹಾಕ್ಬಿಟ್ಟೆ ಅವನಿಗೆ!"

ಪರದೆಯ ಮೇಲೆ ಇನ್ನೊಬ್ಬನ ಹೊಟ್ಟೆಗೆ ಚಾಕು ಇಳಿಯಿತು. "ಕೋಸು!" ಎಂದಳು ಅಕ್ಕ. ಒಬ್ಬನ ಬೆರಳು ಹೋದವು. "ಕ್ಯಾರೆಟ್ಟು. ಸ್ವಲ್ಪ ಬಾಡಿದ್ದು." ಕ್ಯಾಮೆರಾದವನು ಕಿಸಕ್ಕನೆ ನಕ್ಕ. ಗುಲ್ಲಪ್ಪ ಬೆವರು ಒರೆಸಿಕೊಳ್ಳುತ್ತ, "ಅಮ್ಮ, ಆ ರಕ್ತ ನೋಡಿ, ರಕ್ತ! ಏನೂ ಅನ್ನಿಸ್ತಿಲ್ವಾ?" ಎಂದ.

"ಅನ್ನಿಸ್ತಿದೆಯಪ್ಪ. ಇಷ್ಟನ್ನೂ ಒರೆಸೋರು ಯಾರು? ಹಾಗೇ ಬಿಟ್ರೆ ಕಲೆ ಹೋಗಲ್ಲ, ಈಗಲೇ ತಣ್ಣೀರು ಹಾಕಿ ಉಜ್ಜಬೇಕು."

ಅವಳು ಒಮ್ಮೆ ಕಂಬದ ಕಡೆ ತಿರುಗಿ, "ಕೋಗಿಲೆ ಯಾವಾಗ ಬರುತ್ತೋ?" ಎಂದಳು. ದನಿಯಲ್ಲಿ ಕೋಪಕ್ಕಿಂತ ಕುಚೋದ್ಯವೇ ಹೆಚ್ಚಿತ್ತು. ಸದ್ದಣ್ಣನ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಅವನಿಗೆ ಅಳುವಷ್ಟು ಸಂತೋಷವಾಯಿತು. ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮುಂದಿನ ದೃಶ್ಯದ ಸದ್ದು ಎಲ್ಲಿಂದ ಬಂದದ್ದೆಂದು ಅಲ್ಲಿ ಗೊತ್ತಿದ್ದವನು ಅವನೊಬ್ಬನೇ.

ನಾಯಕ ಒಂದು ಮನೆಯ ಬಾಗಿಲು ತಟ್ಟಿದ. ಒಳಗಿನಿಂದ ಯಾರೋ ಬರುವ ಸದ್ದು. ಟಪ್, ಸರ್. ಟಪ್, ಸರ್.

ಅಕ್ಕನ ನಗು ನಿಂತಿತು. ಅವಳು ಪರದೆಯನ್ನು ಬಿಟ್ಟು ತನ್ನ ಬಲಮಂಡಿಯನ್ನು ನೋಡಿಕೊಂಡಳು. ಅಜ್ಜಿ ಬಾಗಿಲು ತೆಗೆದಳು, ನೀರು ಕೊಟ್ಟಳು, ಸುತ್ತಿಗೆ ಎದ್ದಿತು, ಕಲ್ಲಂಗಡಿ ಒಡೆಯಿತು. ಗುಲ್ಲಪ್ಪ ಕುರ್ಚಿಯ ಮೇಲೇ ಬೀಳುವಷ್ಟು ಬಾಗಿ, "ಹೇಳಿ ಅಮ್ಮ, ಈಗ ಹೇಳಿ! ಏನ್ ಅನ್ನಿಸ್ತು?" ಎಂದ.

"ಮುಗೀತಾ?" ಎಂದಳು ಅಕ್ಕ. ಅಷ್ಟೇ.

"ಒಂದು ಬೈಗುಳ ಅಮ್ಮ, ಸಣ್ಣದಾದ್ರೂ ಸಾಕು. ಬಸ್ಸಿನವನಿಗೆ ಬೈದಿರಂತಲ್ಲ?"

"ಅವನು ತಪ್ಪು ಮಾಡಿದ್ದ, ಬೈದೆ. ನೀನು ಬೈಸ್ಕೊಳ್ಳೋಕೇ ಕೂತಿದೀಯ. ನಿನಗೆ ಬೈದು ಏನು ಬಂತು?"

ಕ್ಯಾಮೆರಾಗಳನ್ನು ಮಡಚಿದರು. ಗುಲ್ಲಪ್ಪ ತಲೆ ಮೇಲೆ ಕೈಹೊತ್ತು ಕೂತ. ಅಕ್ಕ ಎದ್ದು ತಮ್ಮನನ್ನು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಹೋದಳು.

"ಅದು ನನ್ನ ಕಾಲಲ್ವಾ?"

ಅವನು ತಲೆ ತಗ್ಗಿಸಿ ಎಲ್ಲ ಹೇಳಿದ. ಅಜ್ಜಿ ಮೊದಲು ಸಾಯುತ್ತಿರಲಿಲ್ಲ. ಯಾರೋ ಬಾಗಿಲು ತಟ್ಟಿದಾಗ ಎದ್ದು ಬರುವ ಮುದುಕಿಯ ಹೆಜ್ಜೆ ಬೇಕು ಎಂದಾಗ ಅವನಿಗೆ ಬೇರೆ ಯಾವುದೂ ಹೊಳೆಯಲಿಲ್ಲ. ದಿನಾ ಸಂಜೆ ಬಾಗಿಲ ಹೊರಗೆ ನಿಂತು ಅವನು ಕೇಳುವ ಹೆಜ್ಜೆ ಅದೊಂದೇ. ಮಂಡಿಗೆ ಮರದ ಪಟ್ಟಿ ಕಟ್ಟಿಕೊಂಡು, ಹಳೇ ಚಪ್ಪಲಿ ಮೆಟ್ಟಿ, ಅವಳ ಹಾಗೇ ನಡೆದಿದ್ದ. ಅವನು ಮಾಡಿದ ಸದ್ದುಗಳಲ್ಲೆಲ್ಲ ಅದರಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ಆಮೇಲೆ ಸುತ್ತಿಗೆ ಬಂತು. ತೆಗೆಯಿರಿ ಎಂದು ಹೇಳಲು ಅವನಿಗೆ ಧೈರ್ಯ ಬರಲಿಲ್ಲ.

"ಕೋಗಿಲೆ ಸುಳ್ಳು ಹೇಳಿದ್ದಕ್ಕೆ ನನಗೇನಿಲ್ಲ," ಎಂದಳು ಅಕ್ಕ. "ನಿನಗೆ ಬಾಗಿಲು ತೆಗೆಯೋಕೆ ಅಂತ ನಡೆಯೋ ನಡಿಗೆ ಕಣೋ ಅದು. ಅದನ್ನ ತಗೊಂಡು ಹೋಗಿ ಆ ಸುತ್ತಿಗೆಯವನ ಮುಂದೆ ನಿಲ್ಲಿಸಿದ್ಯಲ್ಲೋ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ತೆಗೆದುಹಾಕು ನನ್ನ ಹೆಜ್ಜೇನ. ಬೇಕಿದ್ರೆ ನಿನ್ನದು ಹಾಕ್ಕೋ. ಈಗಲೇ. ನಾನು ನೋಡ್ತೀನಿ."

ಇಬ್ಬರೂ ಸದ್ದಿನ ಕೋಣೆಗೆ ಹೋದರು. ಮರಳಿನ ತಟ್ಟೆ, ಜಲ್ಲಿಯ ತಟ್ಟೆ, ಗೋಡೆಗೆ ಒರಗಿಸಿದ ಬಾಗಿಲುಗಳು, ಸಾಲು ಸಾಲು ಬೂಟುಗಳ ನಡುವೆ ಅಕ್ಕನಿಗೊಂದು ಸ್ಟೂಲ್ ಹಾಕಿದ. ಸಣ್ಣ ಪರದೆಯಲ್ಲಿ ಅಜ್ಜಿಯ ದೃಶ್ಯ ಇಟ್ಟುಕೊಂಡ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ಅವನು ಹಲಗೆಯ ಮೇಲೆ ನಿಂತು, ಅಜ್ಜಿಯ ಕಾಲನ್ನೇ ನೋಡುತ್ತ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯತೊಡಗಿದ. ಈ ಸಲ ಯಾರ ನಡಿಗೆಯನ್ನೂ ಅನುಕರಿಸಲಿಲ್ಲ. ಹಿಮ್ಮಡಿ ಮೊದಲು ಊರಿ, ಸ್ವಲ್ಪ ಅವಸರವಾಗಿ, ಎಲ್ಲೋ ತಡವಾಗಿಬಿಟ್ಟಿದೆ ಎಂಬಂತೆ ಹೆಜ್ಜೆ ಹಾಕುವುದು ಅವನ ರೀತಿ. ನಡೆಯಲು ಕಲಿತಾಗಿನಿಂದ ಅವನು ನಡೆಯುವುದೇ ಹಾಗೆ. ಅವನ ಕೈಹಿಡಿದು ನಡೆಯಲು ಕಲಿಸಿದವಳು ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು.

ಪರದೆಯಲ್ಲಿ ಬಾಗಿಲು ಹತ್ತಿರ ಬಂತು. ಸದ್ದಣ್ಣನ ಹೆಜ್ಜೆಗಳೂ ಅದರತ್ತ ಹೋದವು. ಅಜ್ಜಿಯ ಕೈ ಚಿಲಕಕ್ಕೆ ಚಾಚಿತು.

"ಬೇಡ್ವೋ! ಪುಟ್ಟಾ, ಬಾಗಿಲು ತೆಗೀಬೇಡ್ವೋ!"

ಸ್ಟೂಲು ಉರುಳಿಬಿತ್ತು. ಅಕ್ಕ ಮಂಡಿ ಎಳೆದುಕೊಂಡು ಬಂದು ಅವನ ಅಂಗಿಯನ್ನು ಹಿಂದಿನಿಂದ ಹಿಡಿದುಕೊಂಡಿದ್ದಳು. ಅವನು ಅಲುಗಾಡದೆ ನಿಂತ. ಅವಳಿಗೆ ತಾನು ಕೂಗಿದ್ದು ಕೂಗಿಯಾದ ಮೇಲೆ ಗೊತ್ತಾಯಿತು. ಆದರೂ ಅಂಗಿ ಬಿಡಲಿಲ್ಲ.

ಪಕ್ಕದ ಕೋಣೆಯಲ್ಲಿ, ನಡುವಿನ ಗಾಜಿನ ಆಚೆ ಗುಲ್ಲಪ್ಪ ನಿಂತಿದ್ದ. ಯಾವಾಗ ಬಂದನೋ, ಹೆಡ್‌ಫೋನ್ ಕಿವಿಗೇರಿಸಿಕೊಂಡಿದ್ದ. ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದ. ಅವನ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರೇ, ಸುಳ್ಳು ಹೇಳಬಾರದು. "ಇದು! ಇದು ಕಣ್ರೀ ಬೇಕಾಗಿದ್ದು! ಮೈ ಜುಂ ಅಂತು ನನಗೆ! ಈ ಕೂಗು ಒಂದಿದ್ರೆ ಸಾಕು, ಊರೆಲ್ಲ ಎದ್ದು ಕೂರುತ್ತೆ. ನಿಮ್ಮ ಕೋಣೆ ಉಳೀತು ಅಂದ್ಕೊಳ್ಳಿ, ನಿಮ್ಮ ಕೆಲಸ ಉಳೀತು!"

ಸದ್ದಣ್ಣ ಅಕ್ಕನನ್ನು ನೋಡಿದ, ಅವಳ ಕೂಗನ್ನು ಹಿಡಿದಿಟ್ಟ ಯಂತ್ರವನ್ನು ನೋಡಿದ. ಈ ಕೋಣೆ, ಈ ಬೂಟುಗಳು, ಇಷ್ಟು ವರ್ಷದ ಬದುಕು ಎಲ್ಲ ಆ ಒಂದು ಕೂಗಿನ ಮೇಲೆ ನಿಂತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗುಂಡಿ ಒತ್ತಿದ. ಅಳಿಸಿಹೋಯಿತು.

"ಏನ್ ಮಾಡಿದ್ರಿ! ಏನ್ ಮಾಡಿದ್ರಿ ನೀವು!" ಗುಲ್ಲಪ್ಪ ತಲೆ ಚಚ್ಚಿಕೊಂಡ. ಆಮೇಲೆ ಅಕ್ಕನ ಕಡೆ ತಿರುಗಿ ಕೈ ಮುಗಿದ. "ಅಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದೇ ಒಂದು ಸಲ. ಹಾಗೇ ಕೂಗಿ."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಮನುಷ್ಯನಿಗೆ ಇಷ್ಟು ಸಣ್ಣ ವಿಷಯವೂ ತಿಳಿಯುವುದಿಲ್ಲವಲ್ಲ ಎಂದು ಅವಳಿಗೆ ಮರುಕವಾಯಿತು. ತಮ್ಮನ ಅಂಗಿಯನ್ನು ಹಿಡಿದಿದ್ದ ಕೈಯನ್ನು ಅಲ್ಲೇ ಇಟ್ಟುಕೊಂಡು ಹೇಳಿದಳು:

"ಇವನು ಇಲ್ಲೇ ಇದಾನಲ್ಲಪ್ಪ. ಇನ್ಯಾಕೆ ಕೂಗ್ಲಿ?"